ಕೇಳುವ ವಿದ್ಯೆಗೊಂದು ತರಗತಿ

(ಸಂವಹನ ಅಧ್ಯಯನದ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಪಠ್ಯ)



ವಿಶ್ವವಿದ್ಯಾಲಯದಲ್ಲಿ ಸಂವಹನ ವಿಷಯ ತೆಗೆದುಕೊಂಡವರು ರಜೆಗೆ ಊರಿಗೆ ಹೋದಾಗ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ. ಜಗಲಿಯ ಮೇಲೆ ಕುಳಿತ ಹಿರಿಯರೊಬ್ಬರು ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳುತ್ತಾರೆ: 'ಏನು ಓದ್ತಾ ಇದೀಯಪ್ಪ?' ಸಂವಹನ ಎಂದರೆ ಅವರಿಗೆ ತಿಳಿಯದು. ಕಮ್ಯುನಿಕೇಷನ್ ಎಂದರೂ ತಿಳಿಯದು. ಕೊನೆಗೆ 'ಮಾತಾಡೋದು, ಬರೆಯೋದು ಹೇಗೆ ಅಂತ ಹೇಳಿಕೊಡ್ತಾರೆ' ಎಂದು ಬಿಡಿಸಿ ಹೇಳಿದರೆ ಹಿರಿಯರು ನಕ್ಕುಬಿಡುತ್ತಾರೆ. ಎರಡು ವರ್ಷದ ಕೂಸಿಗೇ ಬರುವ ಮಾತನ್ನು ಇಪ್ಪತ್ತು ವರ್ಷದವರಿಗೆ ಫೀಸು ಕಟ್ಟಿಸಿಕೊಂಡು ಕಲಿಸುತ್ತಾರೆಯೇ!

ಈ ನಗೆಯನ್ನು ತಳ್ಳಿಹಾಕುವಂತಿಲ್ಲ. ವೈದ್ಯಕೀಯ ಓದಿದವರು ನಾಡಿ ಹಿಡಿಯುತ್ತಾರೆ, ಎಂಜಿನಿಯರಿಂಗ್ ಓದಿದವರು ಸೇತುವೆ ಕಟ್ಟುತ್ತಾರೆ, ಕಾನೂನು ಓದಿದವರು ಕರಿಕೋಟು ತೊಡುತ್ತಾರೆ. ಸಂವಹನ ಓದಿದವರ ಕೈಯಲ್ಲಿ ತೋರಿಸಲು ಏನಿದೆ? ಕೋರ್ಸು ಮುಗಿಯುವ ಹೊತ್ತಿಗೆ 'ಗಳಿಸಿದ ಕೌಶಲಗಳು' ಎಂಬ ತಲೆಬರಹದಡಿ ವಿದ್ಯಾರ್ಥಿಗಳಿಂದ ಒಂದು ಟಿಪ್ಪಣಿ ಬರೆಸಿಕೊಳ್ಳುವ ರೂಢಿ ಹಲವು ಕಡೆ ಇದೆ. ಅದರಲ್ಲಿ ಬಹುತೇಕರು ಬರೆಯುವುದು ಒಂದೇ ಬಗೆ: ವೇದಿಕೆಯ ಅಂಜಿಕೆ ಹೋಯಿತು, ಮೈಕಿನ ಮುಂದೆ ನಿಲ್ಲುವ ಧೈರ್ಯ ಬಂತು, ಸ್ಲೈಡುಗಳನ್ನು ಸಿದ್ಧಪಡಿಸಲು ಬಂತು. ಇದು ಸುಳ್ಳಲ್ಲ. ಆದರೆ ಕಾಲೇಜಿನ ನಾಟಕದಲ್ಲಿ ಎರಡು ಸಲ ಬಣ್ಣ ಹಚ್ಚಿದವರಿಗೂ ಇಷ್ಟು ದಕ್ಕುತ್ತದೆ. ಇದಕ್ಕಾಗಿ ವಿಶ್ವವಿದ್ಯಾಲಯವೊಂದು ಪ್ರತ್ಯೇಕ ವಿಭಾಗ ತೆರೆಯಬೇಕಾದ್ದಿಲ್ಲ. ಆ ಟಿಪ್ಪಣಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಕೌಶಲವೊಂದಿದೆ. ಇಂದಿನ ಮಾತು ಅದರ ಕುರಿತು.

ಕನ್ನಡದಲ್ಲಿ ಅದಕ್ಕೆ ಸೊಗಸಾದ ಹೆಸರಿದೆ: ಕೇಳುವುದು. ದಿನಕ್ಕೆ ನೂರು ಸಲ ಬಳಸುವ ಈ ಕ್ರಿಯಾಪದದ ವಿಶೇಷವನ್ನು ಕನ್ನಡಿಗರೇ ಹೆಚ್ಚಾಗಿ ಗಮನಿಸುವುದಿಲ್ಲ. ಹಾಡನ್ನೂ ಕೇಳುತ್ತಾರೆ, ದಾರಿಯನ್ನೂ ಕೇಳುತ್ತಾರೆ, ಸಾಲವನ್ನೂ ಕೇಳುತ್ತಾರೆ. ಹೇಳಿದ ಮಾತು ಕೇಳದ ಮಗನನ್ನು ಬೈಯುತ್ತಾರೆ. ಕಿವಿಗೊಡುವುದು, ಪ್ರಶ್ನಿಸುವುದು, ಬೇಡುವುದು, ಪಾಲಿಸುವುದು ಎಲ್ಲಕ್ಕೂ ಒಂದೇ ಪದ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ. ಪರಭಾಷಿಕರಿಗೆ ಕನ್ನಡ ಕಲಿಸುವವರು ಇಲ್ಲಿ ಪೇಚಾಡುವುದುಂಟು. 'ಅವನು ಕೇಳಿದ' ಎಂದರೆ ಕಿವಿಗೆ ಬಿತ್ತೆಂದೋ ಬಾಯಿ ತೆರೆದನೆಂದೋ ಸಂದರ್ಭ ನೋಡಿಯೇ ಹೇಳಬೇಕು. ಭಾಷೆಯ ಬಡತನ ಎಂದು ಇದನ್ನು ಕರೆಯಬಹುದು. ಹಾಗಲ್ಲ ಎಂದು ತೋರುತ್ತದೆ. ಕಿವಿಗೊಡದೆ ಪ್ರಶ್ನಿಸಲಾಗದು, ಪ್ರಶ್ನಿಸದೆ ಕಿವಿಗೊಟ್ಟರೆ ಅರ್ಧ ಮಾತ್ರ ಕೇಳಿದಂತೆ. ಸಂಸ್ಕೃತದಿಂದ ಬಂದ 'ಬಹುಶ್ರುತ' ಎಂಬ ಮಾತನ್ನೂ ಇಲ್ಲಿ ನೆನೆಯಬಹುದು. ಪಂಡಿತ ಎಂಬ ಅರ್ಥದ ಆ ಪದದಲ್ಲಿ ಓದಿನ ಸುಳಿವೇ ಇಲ್ಲ. ಬಹಳ ಕೇಳಿದವನು ಎಂದಷ್ಟೇ ಅದು ಹೇಳುತ್ತದೆ.

ಈ ಕೇಳುವ ವಿದ್ಯೆ ವಿಶ್ವವಿದ್ಯಾಲಯದ ಪಠ್ಯಪಟ್ಟಿಗೆ ಏರಿದ್ದು ಮಾತ್ರ ಇತ್ತೀಚೆಗೆ, ಅದೂ ಒಂದು ಯುದ್ಧದ ನಂತರ.

1944ರಲ್ಲಿ ಅಮೆರಿಕದ ಸರ್ಕಾರ ಯುದ್ಧದಿಂದ ಮರಳುವ ಸೈನಿಕರ ವಿದ್ಯಾಭ್ಯಾಸಕ್ಕೆ ನೆರವು ನೀಡುವ ಕಾನೂನು ತಂದಿತು. ಆ ಕಾನೂನಿನ ಬಲದಿಂದ ಕಾಲೇಜು ಮೆಟ್ಟಿಲೇರಿದವರ ಸಂಖ್ಯೆ 20 ಲಕ್ಷವನ್ನು ಮೀರಿತು. ರೈತರ ಮಕ್ಕಳು, ಕಾರ್ಖಾನೆ ಕಾರ್ಮಿಕರು, ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರು. ಅಲ್ಲಿಯವರೆಗೆ ಇಂಗ್ಲಿಷ್ ವಿಭಾಗ ಪ್ರಬಂಧ ಬರೆಸುತ್ತಿತ್ತು, ಭಾಷಣ ವಿಭಾಗ ಭಾಷಣ ಮಾಡಿಸುತ್ತಿತ್ತು. ಎರಡೂ ಪರಸ್ಪರ ಮುಖ ನೋಡುತ್ತಿದ್ದುದು ಕಡಿಮೆ. ಯುದ್ಧದ ಆಸುಪಾಸಿನ ವರ್ಷಗಳಲ್ಲಿ ಹಲವು ವಿಶ್ವವಿದ್ಯಾಲಯಗಳು ಇವೆರಡನ್ನೂ ಒಂದೇ ಚಾವಣಿಯಡಿ ತಂದವು. ಓದುವುದು, ಬರೆಯುವುದು, ಮಾತಾಡುವುದು, ಆಲಿಸುವುದು ಎಂಬ ನಾಲ್ಕನ್ನೂ ಒಟ್ಟಿಗೆ ಹೇಳಿಕೊಡುವ ಕೋರ್ಸಿಗೆ 'ಕಮ್ಯುನಿಕೇಷನ್' ಎಂಬ ಹೆಸರಾಯಿತು. 1949ರಲ್ಲಿ ಆ ಅಧ್ಯಾಪಕರದೇ ಒಂದು ರಾಷ್ಟ್ರೀಯ ಸಂಘಟನೆಯೂ ಹುಟ್ಟಿತು. ಇಂದು ಬೆಂಗಳೂರು, ಮೈಸೂರು, ಧಾರವಾಡದ ಕಾಲೇಜುಗಳಲ್ಲಿ ಕಾಣುವ 'ಸಂವಹನ ಕೌಶಲ' ಪತ್ರಿಕೆಯ ಹಿಂದೆ ಈ ಬೆಳವಣಿಗೆಯ ನೆರಳಿದೆ.

ನಾಲ್ಕರಲ್ಲಿ ಮೊದಲ ಮೂರಕ್ಕೆ ಪಠ್ಯಪುಸ್ತಕಗಳಿದ್ದವು. ನಾಲ್ಕನೆಯದಕ್ಕೆ ಹೆಚ್ಚೇನೂ ಇರಲಿಲ್ಲ. ಕಿವಿ ಇದ್ದವರಿಗೆಲ್ಲ ಕೇಳಲು ಬರುತ್ತದೆ, ಅದರಲ್ಲಿ ಕಲಿಸುವುದೇನು ಎಂಬುದು ಜಗಲಿಯ ಹಿರಿಯರ ಪ್ರಶ್ನೆ ಮಾತ್ರವಲ್ಲ, ವಿದ್ವಾಂಸರದೂ ಆಗಿತ್ತು.

ಇದನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಪ್ರಮುಖರು ಮಿನ್ನೆಸೋಟ ವಿಶ್ವವಿದ್ಯಾಲಯದ ರಾಲ್ಫ್ ನಿಕೋಲ್ಸ್. ಅವರು ಪಾಠ ಹೇಳುತ್ತಿದ್ದುದು ಕೃಷಿ ಶಿಕ್ಷಣದ ಆವರಣದಲ್ಲಿ, ಅಂದರೆ ವಾಗ್ಮಿಗಳಾಗುವ ಆಸೆಯಿಂದ ಬಂದವರಿಗಲ್ಲ. ವಿದ್ಯಾರ್ಥಿಗಳಿಗೆ ಚಿಕ್ಕ ಉಪನ್ಯಾಸಗಳನ್ನು ಕೇಳಿಸಿ, ಬಳಿಕ ಅದರಲ್ಲೇನಿತ್ತು ಎಂದು ಪರೀಕ್ಷೆ ನಡೆಸುವುದು ಅವರ ವಿಧಾನ. 1957ರಲ್ಲಿ ಲಿಯೊನಾರ್ಡ್ ಸ್ಟೀವನ್ಸ್ ಜೊತೆಗೂಡಿ ಅವರು ಪ್ರಕಟಿಸಿದ ಫಲಿತಾಂಶ ಇಂದಿಗೂ ಅಧ್ಯಾಪಕರ ನಿದ್ದೆಗೆಡಿಸುವಂಥದು. ಮಾತು ಮುಗಿದ ಮರುಕ್ಷಣದಲ್ಲೇ ಸಾಮಾನ್ಯ ಕೇಳುಗನಿಗೆ ನೆನಪಿರುವುದು ಅದರ ಅರ್ಧ ಮಾತ್ರ. ತಾನು ಬಹಳ ಎಚ್ಚರಿಕೆಯಿಂದ ಕೇಳಿದೆ ಎಂದು ಭಾವಿಸಿದ್ದವನ ಪಾಡೂ ಇದೇ. ಎರಡು ತಿಂಗಳು ಕಳೆದರೆ ಉಳಿಯುವುದು ಕಾಲು ಭಾಗ.

ಕಾರಣ ಏನು? ನಿಕೋಲ್ಸ್ ಕೊಟ್ಟ ವಿವರಣೆ ಸರಳ. ಅಮೆರಿಕದವರು ಸಾಧಾರಣವಾಗಿ ನಿಮಿಷಕ್ಕೆ ಸುಮಾರು 125 ಪದಗಳ ವೇಗದಲ್ಲಿ ಮಾತಾಡುತ್ತಾರೆ. ಆಲೋಚನೆಯ ವೇಗ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಕೇಳುವವನ ತಲೆಯಲ್ಲಿ ಸದಾ ಒಂದಿಷ್ಟು ಬಿಡುವು ಇರುತ್ತದೆ. ಎತ್ತಿನ ಗಾಡಿಯ ಜೊತೆ ಹೊರಟ ನಾಯಿಯ ಹಾಗೆ ಮನಸ್ಸು ಮುಂದೆ ಓಡುತ್ತದೆ, ಬೇಲಿ ನುಸಿಯುತ್ತದೆ, ಮತ್ತೆ ಗಾಡಿಯ ಬಳಿಗೆ ಬರುತ್ತದೆ. ಒಮ್ಮೊಮ್ಮೆ ಬರುವುದೇ ಇಲ್ಲ. ಈಗ ಇದೇ ಸಭಾಂಗಣದಲ್ಲಿ ಬೇಲಿಯಾಚೆ ಇರುವ ಮನಸ್ಸುಗಳು ಎಷ್ಟಿವೆಯೋ! ಅದಕ್ಕೆ ಕೋಪಿಸಿಕೊಳ್ಳಬೇಕಿಲ್ಲ, ಮನಸ್ಸಿನ ರಚನೆಯೇ ಹಾಗೆ.

ಕೇಳುವುದನ್ನು ಕಲಿಸಬಹುದು ಎಂದು ನಿಕೋಲ್ಸ್ ಹೇಳಿದ್ದು ಈ ಬಿಡುವಿನ ಆಧಾರದ ಮೇಲೆ. ಬಿಡುವು ತಪ್ಪಲ್ಲ, ಅದರ ದುರ್ಬಳಕೆ ತಪ್ಪು. ಒಳ್ಳೆಯ ಕೇಳುಗ ಆ ಸಮಯದಲ್ಲಿ ಮಾತುಗಾರ ಎಲ್ಲಿಗೆ ಹೋಗುತ್ತಿದ್ದಾನೆಂದು ಊಹಿಸುತ್ತಾನೆ. ಕೊಟ್ಟ ಸಾಕ್ಷ್ಯ ಗಟ್ಟಿಯೇ ಎಂದು ತೂಗುತ್ತಾನೆ. ಈವರೆಗೆ ಹೇಳಿದ್ದೇನು ಎಂದು ನಡುನಡುವೆ ಒಟ್ಟುಮಾಡಿಕೊಳ್ಳುತ್ತಾನೆ. ಬಾಯಿ ಹೇಳದೆ ಬಿಟ್ಟದ್ದೇನು ಎಂದು ದನಿಯಲ್ಲಿ, ಮುಖದಲ್ಲಿ ಹುಡುಕುತ್ತಾನೆ. ನಿಕೋಲ್ಸ್ ಕಂಡ ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗೆ ಆಶ್ಚರ್ಯ ತರಬಹುದು. ಪ್ರತಿಯೊಂದು ಅಂಕಿ ಅಂಶವನ್ನೂ ನೆನಪಿಡಬೇಕೆಂದು ಹಟ ಹಿಡಿದು ಕುಳಿತವರು ಕಳಪೆ ಕೇಳುಗರಾಗುತ್ತಾರೆ. ಮೊದಲ ಅಂಶವನ್ನು ಮನಸ್ಸಿನಲ್ಲಿ ಉರು ಹೊಡೆಯುತ್ತಿರುವಾಗ ಮೂರನೆಯದು ಹಾದುಹೋಗಿರುತ್ತದೆ. ಅಂಶಗಳನ್ನು ಪೋಣಿಸಿದ ವಿಚಾರದ ದಾರವನ್ನು ಹಿಡಿದವರಿಗೆ ಅಂಶಗಳೂ ಹೆಚ್ಚು ನೆನಪಿರುತ್ತವೆ.

ಕೇಳಲು ಅಡ್ಡಿಯಾಗುವುದು ಓಡುವ ಮನಸ್ಸು ಮಾತ್ರವಲ್ಲ, ಕೆರಳುವ ಮನಸ್ಸು ಕೂಡ. ಹಿಡಿಸದ ಮಾತೊಂದು ಕಿವಿಗೆ ಬಿದ್ದ ಕೂಡಲೇ ಒಳಗೆ ಉತ್ತರದ ತಯಾರಿ ಶುರುವಾಗುತ್ತದೆ. ಎದುರಿನವರು ಇನ್ನೂ ಮಾತಾಡುತ್ತಿರುತ್ತಾರೆ, ಕೇಳುವವನು ಮಾತ್ರ ತನ್ನ ಸರದಿಗೆ ಕಾಯುತ್ತಿರುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂವಹನ ಸಮ್ಮೇಳನವೊಂದರಲ್ಲಿ ಈ ಕುರಿತು ಮಾತಾಡಿದರು. ಎದುರಿನವರ ಮಾತನ್ನು ಒಡನೆಯೇ ಸರಿ ತಪ್ಪು ಎಂದು ತೀರ್ಪಿಡುವ ಪ್ರವೃತ್ತಿಯೇ ಸಂವಹನಕ್ಕೆ ದೊಡ್ಡ ಅಡ್ಡಿ ಎಂಬುದು ಅವರ ವಾದ. ಪರಿಹಾರವಾಗಿ ಅವರು ಸೂಚಿಸಿದ್ದು ಒಂದು ಆಟದಂಥ ನಿಯಮ. ವಾಗ್ವಾದ ನಡೆಯುವಾಗ, ಹಿಂದೆ ಮಾತಾಡಿದವರ ವಿಚಾರವನ್ನೂ ಭಾವನೆಯನ್ನೂ ಅವರಿಗೆ ಒಪ್ಪಿಗೆಯಾಗುವಂತೆ ತನ್ನ ಮಾತಿನಲ್ಲಿ ಹೇಳಿದ ಮೇಲೆಯೇ ಪ್ರತಿಯೊಬ್ಬರೂ ತಮ್ಮ ಮಾತು ಆರಂಭಿಸಬೇಕು. ಅಷ್ಟೇ.

ಅಷ್ಟೇ ಎಂದರೂ ತರಗತಿಯಲ್ಲಿ ಮಾಡಿ ನೋಡಿದವರಿಗೆ ಅದರ ಕಷ್ಟ ಗೊತ್ತು. ಒಂದು ಉದಾಹರಣೆ ಊಹಿಸಿಕೊಳ್ಳಿ. ಅಣ್ಣ ಊರಿನ ಜಮೀನು ಮಾರೋಣ ಎನ್ನುತ್ತಾನೆ, ತಮ್ಮ ಬೇಡ ಎನ್ನುತ್ತಾನೆ. 'ನಿನಗೆ ದುಡ್ಡಿನ ಆಸೆ, ಅದಕ್ಕೇ ಮಾರು ಅಂತೀಯ' ಎಂದು ತಮ್ಮ ಸಾರಾಂಶ ಹೇಳಿದರೆ ಅಣ್ಣ ಒಪ್ಪುವುದಿಲ್ಲ, ನಿಯಮದ ಪ್ರಕಾರ ತಮ್ಮನಿಗೆ ಮುಂದುವರಿಯುವ ಹಕ್ಕಿಲ್ಲ. ಮತ್ತೆ ಪ್ರಯತ್ನಿಸಬೇಕು. ಮೂರನೆಯ ಸಲಕ್ಕೆ, 'ನೋಡಿಕೊಳ್ಳಲು ನೀನೊಬ್ಬನೇ ಓಡಾಡಿ ಸೋತಿದ್ದೀಯ, ನಾವ್ಯಾರೂ ಆ ಕಡೆ ತಲೆ ಹಾಕಿಲ್ಲ ಎಂಬ ಬೇಸರ ನಿನಗಿದೆ' ಎಂಬ ಮಾತು ಹೊರಬರುತ್ತದೆ. ಅಣ್ಣ ತಲೆಯಾಡಿಸುತ್ತಾನೆ. ಜಗಳ ಮುಗಿಯಿತೆಂದಲ್ಲ. ಆದರೆ ಅದು ಜಮೀನಿನ ಬೆಲೆಯ ಜಗಳವಾಗಿರಲಿಲ್ಲ ಎಂದು ಇಬ್ಬರಿಗೂ ತಿಳಿಯಿತು. ಎದುರಾಳಿಯ ಮಾತನ್ನು ಅವನ ಕಣ್ಣಿನಿಂದ ನೋಡಿದವನು ತಾನೇ ಬದಲಾಗಿಬಿಡುವ ಅಪಾಯವಿದೆ, ಜನ ಕೇಳಲು ಹಿಂಜರಿಯುವುದು ಆ ಭಯದಿಂದ ಎಂದು ರೋಜರ್ಸ್ ಹೇಳಿದ್ದು ಈ ಕಾರಣಕ್ಕೆ.

ಕರಾವಳಿ, ಮಲೆನಾಡಿನವರಿಗೆ ಈ ನಿಯಮ ತೀರ ಹೊಸದೆನಿಸಲಾರದು. ಅಲ್ಲಿನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತು ಮೊದಲೇ ಬರೆದಿಟ್ಟದ್ದಲ್ಲ. ಬಾಣ ತಾಗಿ ಬಿದ್ದ ವಾಲಿ ರಾಮನ ಮೇಲೆ ಒಂದೊಂದೇ ಆರೋಪ ಹೊರಿಸುವಾಗ, ರಾಮನ ಅರ್ಥ ಹೇಳುವವರು ಪ್ರತಿಯೊಂದನ್ನೂ ಕಿವಿಯಲ್ಲಿ ಹಿಡಿದಿಡಬೇಕು. ಬಿಟ್ಟ ಒಂದು ಎಳೆಯನ್ನು ಸಭೆ ಗುರುತಿಸುತ್ತದೆ. ರಾವಣ, ವಾಲಿಯಂಥ ಪ್ರತಿನಾಯಕರ ಪರ ವಾದಿಸುವುದರಲ್ಲಿ ಹೆಸರಾಗಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಎದುರು ಕೂರುವುದೆಂದರೆ ಒಳ್ಳೊಳ್ಳೆಯ ಕಲಾವಿದರಿಗೂ ಪರೀಕ್ಷೆಯಾಗಿತ್ತು. ಅದು ಮಾತಿನ ಪರೀಕ್ಷೆಯಷ್ಟೇ ಅಲ್ಲ, ಕಿವಿಯ ಪರೀಕ್ಷೆ. ರೋಜರ್ಸ್ ಬಯಸಿದ್ದು ಗೆಲುವಲ್ಲ, ತಾಳಮದ್ದಳೆಯಲ್ಲಿ ಗೆಲುವಿನ ಹಂಬಲ ಇದ್ದೇ ಇರುತ್ತದೆ ಎಂಬ ವ್ಯತ್ಯಾಸ ನಿಜ. ಆದರೂ ಎದುರಿನವರ ಮಾತಿನಿಂದಲೇ ತನ್ನ ಮಾತು ಹುಟ್ಟಬೇಕೆಂಬ ಶಿಸ್ತು ಎರಡರಲ್ಲೂ ಒಂದೇ.

ಇಷ್ಟೆಲ್ಲ ಕೇಳಿ, ಇದು ಸಭ್ಯತೆಯ ಪಾಠ, ಇದಿಲ್ಲದಿದ್ದರೆ ಆಗುವ ನಷ್ಟವೇನು ಎಂದು ಯಾರಾದರೂ ಪ್ರಶ್ನಿಸಬಹುದು. ನಷ್ಟದ ಲೆಕ್ಕ ಇಟ್ಟವರಿದ್ದಾರೆ.

1984ರಲ್ಲಿ ಅಮೆರಿಕದ ಹೊವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ಎಂಬಿಬ್ಬರು ವೈದ್ಯರ ಕೋಣೆಯ 74 ಭೇಟಿಗಳ ಧ್ವನಿಮುದ್ರಣವನ್ನು ಪರಿಶೀಲಿಸಿದರು. ರೋಗಿ ತನ್ನ ತೊಂದರೆ ಹೇಳಲು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಮಾತು ಪೂರ್ತಿ ಮಾಡಲು ಅವಕಾಶ ಸಿಕ್ಕಿದ್ದು ನೂರಕ್ಕೆ 23 ಭೇಟಿಗಳಲ್ಲಿ. ಹಾಗೆ ಬಿಟ್ಟಿದ್ದರೆ ರೋಗಿಗಳು ಗಂಟೆಗಟ್ಟಲೆ ಹರಟುತ್ತಿದ್ದರೇ? ಇಲ್ಲ. ಅಡ್ಡಿಯಿಲ್ಲದೆ ಮಾತಾಡಿದವರಲ್ಲಿ ಯಾರೂ ಎರಡೂವರೆ ನಿಮಿಷ ಮೀರಲಿಲ್ಲ. ಮೊದಲು ಹೇಳುವ ಕಾಯಿಲೆಯೇ ಮುಖ್ಯ ಕಾಯಿಲೆ ಎಂದು ವೈದ್ಯರು ನಂಬಿದ್ದರು, ರೋಗಿಗಳು ಮಾತ್ರ ಮನಸ್ಸಿನಲ್ಲಿದ್ದುದನ್ನು ಆ ಕ್ರಮದಲ್ಲಿ ಹೇಳುತ್ತಿರಲಿಲ್ಲ. ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಈ ಅಧ್ಯಯನದ ಅಗತ್ಯವೇ ಇರಲಿಲ್ಲ, ಅನುಭವವೇ ಸಾಕು. ಸಾಲಿನ ಉದ್ದ ನೋಡಿದರೆ ವೈದ್ಯರನ್ನು ಪೂರ್ತಿ ದೂರುವುದೂ ಕಷ್ಟ.

ವಿಮಾನಗಳ ಕಥೆ ಇನ್ನೂ ಕಠೋರ. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನರಿಫೆಯಲ್ಲಿ ಮಂಜು ಮುಸುಕಿದ ಓಡುಹಾದಿಯ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಮೇಲೇರಲು ಹೊರಟ ವಿಮಾನದಿಂದ ಬಂದ ಮಾತನ್ನು ನಿಯಂತ್ರಕರು, ಹೊರಡುವ ಜಾಗದಲ್ಲಿ ನಿಂತಿದ್ದೇವೆ ಎಂದು ಅರ್ಥ ಮಾಡಿಕೊಂಡರು. ನಿಯಂತ್ರಕರ 'ಓಕೆ' ಎಂಬ ಒಂದು ಪದ ಅತ್ತ ತಲುಪಿತು. ಅದರ ಹಿಂದೆಯೇ ಬಂದ ಕಾಯಿರಿ ಎಂಬ ಸೂಚನೆಯೂ, ತಾವಿನ್ನೂ ಹಾದಿಯ ಮೇಲೇ ಇದ್ದೇವೆ ಎಂಬ ಇನ್ನೊಂದು ವಿಮಾನದ ಕೂಗೂ ಒಂದೇ ಗಳಿಗೆಯಲ್ಲಿ ರೇಡಿಯೊದಲ್ಲಿ ಸೇರಿ ಬರಿಯ ಕೀರಲು ಸದ್ದಾಯಿತು. ಅಂದಿನಿಂದ 'ಟೇಕಾಫ್' ಎಂಬ ಪದವನ್ನು ನಿಜಕ್ಕೂ ಹಾರಲು ಅನುಮತಿ ಕೊಡುವಾಗ ಅಥವಾ ರದ್ದುಮಾಡುವಾಗ ಮಾತ್ರ ಬಳಸುವ ಪದ್ಧತಿ ಬಂತು.

ಹದಿಮೂರು ವರ್ಷಗಳ ನಂತರ, 1990ರ ಜನವರಿ 25ರಂದು, ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಏವಿಯಾಂಕಾ ಸಂಸ್ಥೆಯ ಬೋಯಿಂಗ್ 707 ಹವಾಮಾನದ ದೆಸೆಯಿಂದ ಆಕಾಶದಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಸುತ್ತುಹೊಡೆಯಬೇಕಾಯಿತು. ಇಂಧನ ಮುಗಿಯುತ್ತ ಬಂದಿತ್ತು. ಇಳಿಯುವ ಮೊದಲ ಯತ್ನ ವಿಫಲವಾದಾಗ, ತುರ್ತು ಪರಿಸ್ಥಿತಿ ಎಂದು ತಿಳಿಸುವಂತೆ ಕ್ಯಾಪ್ಟನ್ ಸಹಪೈಲಟನಿಗೆ ಸ್ಪ್ಯಾನಿಷ್‌ನಲ್ಲಿ ಹೇಳಿದರು. ಸಹಪೈಲಟ್ ನಿಯಂತ್ರಕರಿಗೆ ಇಂಗ್ಲಿಷಿನಲ್ಲಿ ತಿಳಿಸಿದ್ದು ಇಂಧನ ಮುಗಿಯುತ್ತಿದೆ ಎಂದು. 'ಎಮರ್ಜೆನ್ಸಿ' ಎಂಬ ಪದ ಬರಲಿಲ್ಲ. ಇಂಧನ ಕಡಿಮೆ ಇದೆ ಎಂಬ ಮಾತು ನಿಯಂತ್ರಕರಿಗೆ ಹೊಸದಲ್ಲ. ಎಮರ್ಜೆನ್ಸಿ ಎಂಬ ಪದಕ್ಕೆ ಮಾತ್ರ ಎಲ್ಲವನ್ನೂ ಬದಿಗೆ ಸರಿಸಿ ದಾರಿ ಬಿಡುವ ಶಕ್ತಿ ಇತ್ತು. ತಿಳಿಸಿದೆಯಾ ಎಂದು ಕ್ಯಾಪ್ಟನ್ ಕೇಳಿದರು, ತಿಳಿಸಿದ್ದೇನೆ ಎಂಬ ಉತ್ತರ ಬಂತು. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ. ನಾಲ್ಕೂ ಎಂಜಿನ್ ನಿಂತು ಲಾಂಗ್ ಐಲೆಂಡಿನ ಗುಡ್ಡದ ಮೇಲೆ ವಿಮಾನ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ತನಿಖೆ ನಡೆಸಿದವರು ಮುಖ್ಯ ಹೊಣೆಯನ್ನು ಸಿಬ್ಬಂದಿಯ ಮೇಲಿಟ್ಟರಾದರೂ, ಇಂಧನದ ಸ್ಥಿತಿ ತಿಳಿಸಲು ಎರಡೂ ಕಡೆಯವರಿಗೆ ಒಂದೇ ಅರ್ಥ ಕೊಡುವ ನಿಗದಿತ ಪದಗಳಿರಲಿಲ್ಲ ಎಂಬುದನ್ನೂ ಕಾರಣಗಳಲ್ಲಿ ಸೇರಿಸಿದರು. ಎಷ್ಟು ಹೊತ್ತು ಹಾರಬಲ್ಲಿರಿ ಎಂಬ ಒಂದು ಮರುಪ್ರಶ್ನೆಯ ಬೆಲೆ ಎಷ್ಟಿತ್ತೆಂದು ಓದುಗರೇ ಊಹಿಸಬಹುದು.

ಸೂಚನೆ ಪಡೆದವರು ಅದನ್ನು ಮರಳಿ ಓದಿ ಹೇಳಬೇಕು, ಕೊಟ್ಟವರು ಸರಿಯಾಗಿದೆಯೇ ಎಂದು ಕಿವಿಗೊಡಬೇಕು ಎಂಬುದು ವಿಮಾನಯಾನದ ಕಟ್ಟಳೆ. ಕಿರಾಣಿ ಅಂಗಡಿಯವರು ಸಾಮಾನಿನ ಪಟ್ಟಿಯನ್ನು ಗಟ್ಟಿಯಾಗಿ ಓದಿ ಒಪ್ಪಿಸುವುದೂ ಇದೇ ವಿದ್ಯೆ.

ಇಷ್ಟು ದೂರ ಹೋಗಬೇಕಿಲ್ಲ. ಬೀದರ್ ಜಿಲ್ಲೆ ಸಾಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್ಆ್ಯಪ್ ಮೂಲಕ ದೇಶದ ಹಲವು ಕಡೆ ಹಬ್ಬಿತು. ಅದರೊಡನೆ ಹರಿದಾಡಿದ ವಿಡಿಯೊ ಒಂದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಇದು ಎಚ್ಚರಿಕೆಗಾಗಿ ಮಾಡಿದ ನಟನೆ ಎಂದು ತಿಳಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಾಕಲಾಗಿತ್ತು. ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿತು. ಸುದ್ದಿ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರು ಮುರ್ಕಿಯನ್ನು ತಲುಪಿತು. ಅಲ್ಲಿ ಜನ ದಾರಿ ಕಟ್ಟಿದರು. ರಕ್ಷಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಯುವ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಸತ್ತರು. ಅಂದು ಆ ಊರಿನಲ್ಲಿ ಎಲ್ಲರೂ ಸುದ್ದಿ ಕೇಳಿದ್ದರು. ಕಾರಿನಲ್ಲಿದ್ದವರನ್ನು ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳಿ ಉತ್ತರಕ್ಕೆ ಕಾಯುವ ವ್ಯವಧಾನ ಗುಂಪಿಗೆ ಇರಲಿಲ್ಲ. ಕನ್ನಡದ ಒಂದೇ ಕ್ರಿಯಾಪದದ ಎರಡು ಅರ್ಥಗಳು ಅಲ್ಲಿ ಹೀಗೆ ಬೇರೆಯಾಗಿದ್ದವು.

ಇದಕ್ಕೆ ತಂತ್ರಜ್ಞಾನವನ್ನು ಬೈದು ಸುಮ್ಮನಾಗುವವರಿದ್ದಾರೆ. ಆದರೆ ತಂತ್ರಜ್ಞಾನದ ಮುಂದೆ ಕುಳಿತು ಪ್ರಶ್ನೆ ಕೇಳಿದ ಹಳ್ಳಿಗಳೂ ಈ ದೇಶದಲ್ಲಿದ್ದವು. 1956ರಲ್ಲಿ ಆಕಾಶವಾಣಿ ಯುನೆಸ್ಕೊ ನೆರವಿನೊಂದಿಗೆ ಪುಣೆ ಕೇಂದ್ರದ ವ್ಯಾಪ್ತಿಯ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಕೇಳುಗರ ಕೂಟಗಳನ್ನು ನಡೆಸಿತು. ಕೆನಡಾದ ರೈತರ ರೇಡಿಯೊ ಕೂಟಗಳ ಮಾದರಿಯದು. ಹಳ್ಳಿಗರು ಒಟ್ಟಿಗೆ ಕುಳಿತು ಅರ್ಧ ಗಂಟೆಯ ಕಾರ್ಯಕ್ರಮ ಕೇಳುವುದು, ಮುಗಿದ ಮೇಲೆ ಚರ್ಚಿಸುವುದು, ಹುಟ್ಟಿದ ಪ್ರಶ್ನೆಗಳನ್ನು ನಿಲಯಕ್ಕೆ ಕಳಿಸುವುದು, ಮುಂದಿನ ಪ್ರಸಾರದಲ್ಲಿ ಉತ್ತರ ಪಡೆಯುವುದು. ಪ್ರಯೋಗದ ಮೌಲ್ಯಮಾಪನ ಮಾಡಿದ ಪಾಲ್ ನ್ಯೂರಾತ್ ಕಂಡದ್ದು, ಬರಿಯ ರೇಡಿಯೊ ಇದ್ದ ಹಳ್ಳಿಗಳಿಗಿಂತ ಕೂಟವಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತು. ರೇಡಿಯೊ ಎರಡೂ ಕಡೆ ಒಂದೇ. ವ್ಯತ್ಯಾಸ ಇದ್ದುದು ಕೂತು ಕೇಳುವ ಕ್ರಮದಲ್ಲಿ.

ಇನ್ನು ಪತ್ರಿಕೋದ್ಯಮ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುಂದಾಳ್ತನದಲ್ಲಿ ಪತ್ರಿಕೋದ್ಯಮದ ಪಾಠ ಆರಂಭವಾದಾಗ, ವರದಿಗಾರರು ಹುಟ್ಟುತ್ತಾರೆಯೇ ಹೊರತು ಅವರನ್ನು ಕಾಲೇಜಿನಲ್ಲಿ ತಯಾರಿಸಲಾಗದು ಎಂಬ ಮಾತು ಪತ್ರಿಕಾಲಯಗಳಲ್ಲಿ ಚಾಲ್ತಿಯಲ್ಲಿತ್ತು. ಈ ವಾದ ಅಮೆರಿಕದಲ್ಲೂ ಇತ್ತು. ಅಲ್ಲಿ 1908ರಲ್ಲಿ ಮಿಸೌರಿಯ ಪತ್ರಿಕೋದ್ಯಮ ಶಾಲೆಯನ್ನು ತೆರೆದ ವಾಲ್ಟರ್ ವಿಲಿಯಮ್ಸ್ ತಾವೇ ಕಾಲೇಜು ಪದವಿ ಇಲ್ಲದವರು! ತರಗತಿ ಆರಂಭವಾದ ದಿನವೇ ವಿದ್ಯಾರ್ಥಿಗಳಿಂದ ನಿಜವಾದ ಪತ್ರಿಕೆಯನ್ನು ಹೊರಡಿಸುವ ಮೂಲಕ ಅವರು ಟೀಕಾಕಾರರಿಗೆ ಉತ್ತರ ಕೊಟ್ಟರು.

ವರದಿಗಾರಿಕೆಯ ತರಗತಿಯಲ್ಲಿ ಕಲಿಸುವ ಸಂಗತಿಗಳು ಹೊರಗಿನಿಂದ ಕ್ಷುಲ್ಲಕವಾಗಿ ಕಾಣುತ್ತವೆ. ಹೆಸರನ್ನು ಇನಿಷಿಯಲ್ ಸಮೇತ ಕೇಳಿ ಬರೆದುಕೋ, ಬರೆದದ್ದನ್ನು ಓದಿ ತೋರಿಸು. 'ಸುಮಾರು ಜನ' ಎಂದರೆ ಎಷ್ಟು ಜನ ಎಂದು ಕೇಳು. ಅಧಿಕಾರಿ 'ಕ್ರಮ ಕೈಗೊಳ್ಳಲಾಗುವುದು' ಎಂದರೆ ಯಾರು, ಯಾವಾಗ ಎಂದು ಕೇಳು. ಕನ್ನಡದ ಕರ್ಮಣಿ ಪ್ರಯೋಗದ ಹಿಂದೆ ಎಷ್ಟು ಜನ ಅಡಗಿ ಕೂರಬಹುದೆಂದು ಕಚೇರಿಗಳಿಗೆ ಅಲೆದವರಿಗೆ ಗೊತ್ತು. ಉತ್ತರ ಬಂದ ಮೇಲೆ ಎರಡು ಕ್ಷಣ ಸುಮ್ಮನಿರು ಎಂಬುದೂ ಒಂದು ಪಾಠ. ಮೌನವನ್ನು ಸಹಿಸಲಾರದೆ ಎದುರಿನವರು ಹೇಳುವ ಮುಂದಿನ ವಾಕ್ಯದಲ್ಲಿಯೇ ಎಷ್ಟೋ ಸಲ ಸುದ್ದಿ ಇರುತ್ತದೆ. ಪ್ರಶ್ನಾವಳಿಯನ್ನು ಸಿದ್ಧಪಡಿಸಿಕೊಂಡು ಹೋಗಬೇಕು ನಿಜ. ಆದರೆ ಐದನೆಯ ಪ್ರಶ್ನೆಯ ಮೇಲೆ ಕಣ್ಣಿಟ್ಟು ನಾಲ್ಕನೆಯದರ ಉತ್ತರ ಕಳೆದುಕೊಂಡ ಸಂದರ್ಶನಗಳು ಪತ್ರಿಕೆಗಳಲ್ಲಿ, ಟೀವಿಯಲ್ಲಿ ದಿನವೂ ಸಿಗುತ್ತವೆ. ಟೀವಿ ಚರ್ಚೆಗಳ ವಿಚಾರ ಹೇಳದಿರುವುದೇ ಲೇಸು. ಅಲ್ಲಿ ರೋಜರ್ಸ್ ನಿಯಮ ಜಾರಿಯಾದರೆ ಒಂದು ಗಂಟೆಯಲ್ಲಿ ಇಬ್ಬರಿಗೂ ಮಾತು ಸಿಗಲಿಕ್ಕಿಲ್ಲ.

ಕೊನೆಯದಾಗಿ, ಈ ತರಗತಿಗಳ ಹಿಂದಿನ ಬೆಂಚಿನ ಬಗ್ಗೆ ಎರಡು ಮಾತು. ಬೆಂಗಳೂರಿನ ಉದ್ಯೋಗ ಜಾಹೀರಾತುಗಳಲ್ಲಿ 'ಉತ್ತಮ ಕಮ್ಯುನಿಕೇಷನ್ ಸ್ಕಿಲ್' ಎಂದರೆ ಸರಾಗ ಇಂಗ್ಲಿಷ್ ಎಂದೇ ಅರ್ಥ. ಗಲ್ಲಿಗೊಂದರಂತೆ ಇರುವ ಸ್ಪೋಕನ್ ಇಂಗ್ಲಿಷ್ ಕೇಂದ್ರಗಳು ಬದುಕಿರುವುದು ಈ ಸಮೀಕರಣದ ಮೇಲೆ. ಇಂಗ್ಲಿಷ್ ಬೇಕು, ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ತನಗೆ ಸಂವಹನವೇ ಬಾರದು ಎಂದು ತಲೆತಗ್ಗಿಸಿ ಕೂರುವುದು ಅನ್ಯಾಯ. ಅವಳು ಮನೆಯಲ್ಲಿ ಮೂರು ತಲೆಮಾರಿನವರ ನಡುವೆ ಕುಳಿತು ಯಾರ ಮಾತಿಗೆ ಏನರ್ಥ ಎಂದು ತಿಳಿದು ಬೆಳೆದವಳು. ಹರಿಕಥೆ, ಬಯಲಾಟಗಳನ್ನು ರಾತ್ರಿಯಿಡೀ ಕೇಳಿದವರ ಮೊಮ್ಮಗಳು. ಓದು ಬರಹ ಇಲ್ಲದ ಜನರೂ ಕಾವ್ಯದ ಮರ್ಮ ಬಲ್ಲವರು ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡಿಗರನ್ನು ಹೊಗಳಿದೆ. ಆ ಜ್ಞಾನ ಬಂದದ್ದು ಕಿವಿಯ ದಾರಿಯಿಂದಲೇ ಇರಬೇಕು. ನಿರರ್ಗಳ ಇಂಗ್ಲಿಷಿನ ಸಹಪಾಠಿಗೆ ತರಗತಿ ಕಲಿಸಬೇಕಾದ್ದು ಸುಮ್ಮನಿರುವುದನ್ನು. ಹಿಂದಿನ ಬೆಂಚಿನವಳಿಗೆ ಕಲಿಸಬೇಕಾದ್ದು, ಕೇಳಿಸಿಕೊಂಡದ್ದರಿಂದ ಹುಟ್ಟಿದ ಪ್ರಶ್ನೆಯನ್ನು ಎದ್ದು ನಿಂತು ಕೇಳುವುದನ್ನು, ಅದು ಯಾವ ಭಾಷೆಯಲ್ಲಿದ್ದರೂ. ಒಂದೇ ಪಾಠವನ್ನು ಇಬ್ಬರಿಗೂ ಒಂದೇ ಬಗೆಯಲ್ಲಿ ಹೇಳಿಕೊಡುವ ಅಧ್ಯಾಪಕರು ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳುತ್ತಾರೆ, ಸಾಮಾನ್ಯವಾಗಿ ಎರಡನೆಯವಳನ್ನು.

ನಿಕೋಲ್ಸ್ ಲೆಕ್ಕ ಸರಿಯಿದ್ದರೆ ಈವರೆಗೆ ಹೇಳಿದ್ದರಲ್ಲಿ ಅರ್ಧ ಆಗಲೇ ಮರೆತುಹೋಗಿದೆ. ಉಳಿದ ಅರ್ಧದ ಬಗ್ಗೆ ಕೇಳುವುದಿದ್ದರೆ ಕೇಳಬಹುದು. ಹಿಂದಿನ ಬೆಂಚಿನಿಂದ ಶುರುವಾಗಲಿ.